ಇಳಿತದ ಮೊದಲ ತಾಸು

ತೊಕ್ಕೊಟ್ಟಿನ ಗಾಳದವರು ಕ್ಯಾಲೆಂಡರಿನಲ್ಲಿ ಮೊದಲು ನೋಡುವುದು ತಿಥಿಯನ್ನು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಜೋರು. ಅಷ್ಟಮಿಯ ಹೊತ್ತಿಗೆ ನೀರು ಸೋಮಾರಿ. ಕುದುರೆಮುಖದ ಕಡೆಯ ಬೆಟ್ಟಗಳಲ್ಲಿ ಹುಟ್ಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬರುವ ನೇತ್ರಾವತಿ ತೊಕ್ಕೊಟ್ಟಿನ ಪಕ್ಕದ ಕಲ್ಲಾಪು ತಲುಪುವಾಗ ಅರ್ಧ ಹೊಳೆ, ಅರ್ಧ ಕಡಲು.

ಭಾನುವಾರ ಬೆಳಕು ಹರಿಯುವ ಮುಂಚೆ ಈ ದಂಡೆಗೆ ಬರುವ ಅಣ್ಣತಮ್ಮಂದಿರಲ್ಲಿ ಪಾಲು ಮೊದಲೇ ಆಗಿರುತ್ತದೆ. ರಾಡು, ರೀಲು ತಮ್ಮನದು. ಜೀವಂತ ಸಿಗಡಿಯ ಬಕೆಟ್ಟು ಮತ್ತು ಬುದ್ಧಿಮಾತು ಅಣ್ಣನದು.

ಕಾಣೆಗೆ ಮರಳು ನೆಲ ಬೇಕು, ಕೆಂಬೇರಿಗೆ ಕಲ್ಲಿನ ಸಂದಿ. ಆದರೆ ಇಬ್ಬರೂ ಕಾಯುವುದು ಸೀ ಬಾಸ್‌ಗಾಗಿ, ಕರಾವಳಿಯ ಪಂಜರ ಕೃಷಿಕರು ಕುರುಡಿ ಎನ್ನುವ ಮೀನಿಗಾಗಿ. ಸಾಲ್ಮನ್ ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹೊಳೆ ಹತ್ತುತ್ತದೆ. ಕುರುಡಿಯದು ತಿರುಗುಮುರುಗು: ಬೆಳೆಯುವುದು ಹಿನ್ನೀರಿನಲ್ಲಿ, ಹೊಳೆಯಲ್ಲಿ, ಮೊಟ್ಟೆಗೆ ಅಳಿವೆಯತ್ತ ಇಳಿಯುತ್ತದೆ. ಹೊಳೆ ಸೇರಿದ ಸಾಲ್ಮನ್ ಹೆಚ್ಚುಕಡಿಮೆ ಉಪವಾಸ. ಹಾಗಾಗಿ ಸ್ಕಾಟ್ಲೆಂಡಿನ ಗಾಳಗಾರ ಹಸಿವಿಲ್ಲದ ಮೀನನ್ನು ಕೆಣಕಿ ಕಚ್ಚಿಸಬೇಕು. ಕಲ್ಲಾಪಿನಲ್ಲಿ ಆ ಕಷ್ಟವಿಲ್ಲ. ಉಬ್ಬರ ತುಂಬಿ ನೀರು ಇಳಿಯತೊಡಗಿದಾಗ ಕಾಂಡ್ಲದ ಬೇರುಗಳ ನಡುವಿನ ಮರಿಮೀನು, ಸಿಗಡಿಗಳೆಲ್ಲ ಸೆಳವಿನೊಡನೆ ಹೊರಬೀಳುತ್ತವೆ. ಕುರುಡಿ ಬಾಯಿ ತೆರೆದು ಕಾದಿರುತ್ತದೆ. ಇಡೀ ದಿನದಲ್ಲಿ ಆ ಮೊದಲ ತಾಸಿಗಿರುವ ಬೆಲೆ ಉಳಿದ ತಾಸುಗಳಿಗಿಲ್ಲ. ದುಬಾರಿ ರೀಲು ಕೊಂಡವರು ಇದನ್ನು ಒಪ್ಪುವುದಿಲ್ಲ, ಅದು ಬೇರೆ ಮಾತು.

ಕಚ್ಚಿತೋ, ಮೀನು ನೀರಿನಿಂದ ಮೇಲಕ್ಕೆ ಹಾರಿ ತಲೆ ಕೊಡವುತ್ತದೆ. ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತೆ ಹರಿತ. ತಂಗೂಸು ಅದಕ್ಕೆ ತಾಗಿದರೆ ಮುಗಿಯಿತು.

"ಎಳೀಬೇಡ ಮಾರಾಯ, ಸ್ವಲ್ಪ ಬಿಡು!"

"ನೀನು ಸುಮ್ಮನಿರು ಅಣ್ಣ, ಬಲೆ ಹಿಡಿ."

ಗಾಳಕ್ಕೂ ಒಡಹುಟ್ಟಿಗೂ ನಂಟು ಹಳೆಯದು. ಸತ್ತ ಹುಲಿ, ಚಿರತೆಗಳಿಗೆ ಮತ್ತೆ ರೂಪ ಕೊಟ್ಟು ಹೆಸರಾದ ಮೈಸೂರಿನ ವ್ಯಾನ್ ಇಂಜೆನ್ ಸಹೋದರರು ಗಾಳದಲ್ಲೂ ಪಳಗಿದವರು. ಅವರಲ್ಲಿ ಡಿ ವೆಟ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತ್ತು. ಕಾವೇರಿ ಸೀಮೆಯ ಆ ಡುಬ್ಬದ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. 2018ರಲ್ಲಷ್ಟೇ ಅದಕ್ಕೆ ಟಾರ್ ರೆಮದೇವಿ ಎಂಬ ವೈಜ್ಞಾನಿಕ ಹೆಸರು ಗಟ್ಟಿಯಾಯಿತು.

ದೊಡ್ಡ ಮೀನಿನ ಆಸೆಗೆ ಕುರುಡಿಯ ವಿಷಯದಲ್ಲಿ ಇನ್ನೊಂದು ತಕರಾರಿದೆ. ಈ ಮೀನು ಸಾಮಾನ್ಯವಾಗಿ ಮೊದಲು ಗಂಡಾಗಿ ಬಲಿತು, ಕೆಲವು ವರ್ಷದ ಮೇಲೆ ಹೆಣ್ಣಾಗುತ್ತದೆ. ಭಾರೀ ಗಾತ್ರದವೆಲ್ಲ ಬಹುಪಾಲು ಮೊಟ್ಟೆಯಿಡುವ ತಾಯಿಯರು. ಫೋಟೊ ತೆಗೆದು ಅದನ್ನು ನೀರಿಗೆ ಬಿಟ್ಟು, ನಡುಗಾತ್ರದ್ದನ್ನು ಮನೆಗೊಯ್ಯುವುದೇ ಜಾಣತನ. ಸಾರಿಗೂ ಅದೇ ರುಚಿ. ದೊಡ್ಡದರ ಮಾಂಸ ಒರಟು.

ಮುಂದಿನ ಭಾನುವಾರವೂ ಇದೇ ಹೊತ್ತಿಗೆ ಬಂದರಾಯಿತೆಂದು ತಮ್ಮ ಹೇಳಿದರೆ ಅಣ್ಣ ಬೆರಳು ಮಡಚಿ ಲೆಕ್ಕ ಹಾಕುತ್ತಾನೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡ. ಏಳು ದಿನಕ್ಕೆ ಹೆಚ್ಚುಕಡಿಮೆ ಆರು ತಾಸು. ಈ ವಾರ ನೀರು ತುಂಬಿದ್ದ ಗಳಿಗೆಗೆ ಆ ವಾರ ದಂಡೆಯಲ್ಲಿ ಕೆಸರು ಕಾಣುತ್ತಿರುತ್ತದೆ, ಗಾಳ ಹಾಕಲು ಮಧ್ಯಾಹ್ನದ ಊಟ ಬಿಟ್ಟು ಬರಬೇಕಾಗುತ್ತದೆ.