ಕಮ್ಯುನಿಟಿ ಕಾಲೇಜಿನ ಮುಂದಾಳು ಎಲ್ಲಿಂದ ಬರಬೇಕು?

ಇಲಿನಾಯ್‌ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದ ಎರಡು ವರ್ಷದ ಕಮ್ಯುನಿಟಿ ಕಾಲೇಜಿನ ಪದ್ಧತಿ 1960ರ ದಶಕದಲ್ಲಿ ಅಮೆರಿಕದ ತುಂಬ ಹಬ್ಬಿತು. ಕಾಲೇಜುಗಳು ಎದ್ದಷ್ಟು ಬೇಗ ಅವನ್ನು ನಡೆಸಬಲ್ಲವರು ಸಿಗಲಿಲ್ಲ. ಆಗ ಕೆಲ್ಲಾಗ್ ಪ್ರತಿಷ್ಠಾನ ಹಣ ಕೊಟ್ಟು, ಹತ್ತು ವಿಶ್ವವಿದ್ಯಾಲಯಗಳಲ್ಲಿ ಈ ಕಾಲೇಜುಗಳ ಆಡಳಿತಗಾರರಿಗೆಂದೇ ತರಬೇತಿ ಆರಂಭಿಸಿತು. ಅದು ದೂರ ನೋಡಿ ಮಾಡಿದ ಕೆಲಸ. ಆದರೆ ನಾಯಕತ್ವವೆಂದರೆ ಅಧ್ಯಕ್ಷರ ಕುರ್ಚಿ, ತಯಾರಿಯೆಂದರೆ ಆ ಕುರ್ಚಿಗೆ ಹತ್ತಿರವಾದವರಿಗೆ ಕೊಡುವ ಪಾಠ ಎಂಬ ಎಣಿಕೆಯೂ ಅಲ್ಲೇ ಬೇರೂರಿತು.

ಕಮ್ಯುನಿಟಿ ಕಾಲೇಜುಗಳ ರಾಷ್ಟ್ರೀಯ ಸಂಘ 2005ರಲ್ಲಿ ನಾಯಕರಿಗೆ ಇರಬೇಕಾದ ಆರು ಸಾಮರ್ಥ್ಯಗಳನ್ನು ಪಟ್ಟಿ ಮಾಡಿತು: ಸಂಸ್ಥೆಯನ್ನು ಮುನ್ನಡೆಸುವ ಯೋಜನೆ, ಸಂಪನ್ಮೂಲ ನಿರ್ವಹಣೆ, ಸಂವಹನ, ಸಹಯೋಗ, ಕಾಲೇಜಿನ ಪರ ವಕಾಲತ್ತು, ವೃತ್ತಿನಿಷ್ಠೆ. 2013ರಲ್ಲೂ 2018ರಲ್ಲೂ ಅದು ಪರಿಷ್ಕಾರಗೊಂಡಿತು. ತಪ್ಪು ಹುಡುಕುವಂಥದ್ದು ಇದರಲ್ಲಿ ಏನೂ ಇಲ್ಲ. ಆದರೆ ಈ ಆರನ್ನೂ ಯಾವ ದೊಡ್ಡ ಕಚೇರಿಯ ಮುಖ್ಯಸ್ಥರಿಂದಲಾದರೂ ಕೇಳಬಹುದು. ರಾತ್ರಿ ಪಾಳಿ ಮುಗಿಸಿ ಬೆಳಗಿನ ತರಗತಿಗೆ ಬರುವ ವಿದ್ಯಾರ್ಥಿಯನ್ನು ಕಂಡು, ಕೇಳಿ ಬಲ್ಲವರು ಯಾರು ಎಂದು ತಿಳಿಯಲು ಈ ಪಟ್ಟಿ ಸಾಲದು.

ಟೆಕ್ಸಾಸ್‌ನ ಅಮರಿಲೊ ಕಾಲೇಜಿನಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಓದು ಮುಂದುವರಿಸಲು ನಿಮಗೆ ಅಡ್ಡಿಯಾಗಿರುವುದು ಏನು ಎಂದು ಅಲ್ಲಿ ವಿದ್ಯಾರ್ಥಿಗಳನ್ನೇ ಕೇಳಿದರು. ಬಂದ ಉತ್ತರಗಳಲ್ಲಿ ಮೊದಲ ಸಾಲಿನಲ್ಲಿದ್ದವು ಊಟ, ಮನೆ ಬಾಡಿಗೆ, ಬಸ್ಸು, ಮಗುವನ್ನು ನೋಡಿಕೊಳ್ಳುವವರಿಲ್ಲದ ಕಷ್ಟ. ಪಾಠ ಕಠಿಣ ಎಂಬುದು ಅವುಗಳಲ್ಲಿ ಇರಲೇ ಇಲ್ಲ. 2014ರಲ್ಲಿ ಅಧ್ಯಕ್ಷರಾದ ರಸೆಲ್ ಲೋರಿ-ಹಾರ್ಟ್ ಈ ಉತ್ತರಗಳನ್ನು ಕಡತಕ್ಕೆ ಸೇರಿಸಿ ಸುಮ್ಮನಾಗಲಿಲ್ಲ. ಕ್ಯಾಂಪಸ್ಸಿನೊಳಗೇ ದಿನಸಿ ಸಿಗುವಂತಾಯಿತು, ಸಮಾಜ ಕಾರ್ಯಕರ್ತರು ಬಂದರು, ತುರ್ತಿಗೆ ಹಣ ಕೊಡುವ ವ್ಯವಸ್ಥೆಯಾಯಿತು. ಅತ್ಯುತ್ತಮ ಕಮ್ಯುನಿಟಿ ಕಾಲೇಜಿಗೆ ಕೊಡುವ ಆಸ್ಪೆನ್ ಪ್ರಶಸ್ತಿ 2023ರಲ್ಲಿ ಈ ಕಾಲೇಜಿಗೂ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ವ್ಯಾಲಿ ಕಾಲೇಜಿಗೂ ಜಂಟಿಯಾಗಿ ಬಂತು. ಬಜೆಟ್ಟಿನ ಜಾಣ್ಮೆ, ಯೋಜನೆಯ ಜಾಣ್ಮೆ ಎರಡೂ ಇಲ್ಲಿ ಬೇಕಾದವು, ನಿಜ. ಆದರೆ ಅವು ದುಡಿದದ್ದು ಆ ಒಂದು ಪ್ರಶ್ನೆಯ ಬೆನ್ನಿಗೆ.

ವಿದ್ಯಾರ್ಥಿಯ ಕಷ್ಟವನ್ನು ಸ್ವಂತ ಬದುಕಿನಿಂದಲೇ ಬಲ್ಲ ಮುಂದಾಳುಗಳೂ ಇದ್ದಾರೆ. ಮಯಾಮಿ ಡೇಡ್ ಕಾಲೇಜನ್ನು 1995ರಿಂದ 2019ರವರೆಗೆ ನಡೆಸಿದ ಎಡ್ವಾರ್ಡೊ ಪಡ್ರೋನ್ ಕ್ಯೂಬಾದಿಂದ ಬಂದ ಹುಡುಗನಾಗಿ ಅದೇ ಕಾಲೇಜಿನಲ್ಲಿ ಓದಿದವರು. ವಲಸಿಗ ವಿದ್ಯಾರ್ಥಿಯ ಸಂಕೋಚವನ್ನು ಅವರಿಗೆ ಯಾವ ಶಿಬಿರವೂ ಕಲಿಸಬೇಕಾಗಿರಲಿಲ್ಲ.

ಆಸ್ಪೆನ್ ಪ್ರಶಸ್ತಿ ಕೊಡುವ ಆಸ್ಪೆನ್ ಸಂಸ್ಥೆ ಮುಂದಿನ ಅಧ್ಯಕ್ಷರಿಗಾಗಿ 2016ರಿಂದ ನಡೆಸುತ್ತಿರುವ ಫೆಲೋಶಿಪ್, ವಿದ್ಯಾರ್ಥಿಯನ್ನು ಕಣ್ಣೆದುರಿಟ್ಟುಕೊಳ್ಳುವ ದಿಕ್ಕಿನಲ್ಲಿ ಸಾಕಷ್ಟು ಮುಂದಿದೆ. ಎಷ್ಟು ಜನ ಸೇರಿದರು ಎಂಬಲ್ಲಿಗೆ ನಿಲ್ಲದೆ, ಎಷ್ಟು ಜನ ಓದು ಮುಗಿಸಿದರು, ಮುಂದೆ ಅವರಿಗೆ ಎಂಥ ಕೆಲಸ ಸಿಕ್ಕಿತು ಎಂದು ನೋಡುವುದನ್ನು ಅದು ಕಲಿಸುತ್ತದೆ. ಆದರೂ ಒಂದು ತಂಡದಲ್ಲಿ ಇರುವವರು ಕೆಲವೇ ಮಂದಿ. ಹೆಚ್ಚಿನವರು ಈಗಾಗಲೇ ಹಿರಿಯ ಆಡಳಿತಗಾರರು.

ತಯಾರಿ ಹೀಗೆ ಮೇಲಿನವರಿಗೇ ಮೀಸಲಾಗಿರುವುದೇ ನನ್ನ ಮುಖ್ಯ ಆಕ್ಷೇಪ. ಈ ಕಾಲೇಜುಗಳ ಬೋಧಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅರೆಕಾಲಿಕರು. ಸಂಬಳ ಕೋರ್ಸಿನ ಲೆಕ್ಕದಲ್ಲಿ, ಮುಂದಿನ ಸೆಮಿಸ್ಟರ್‌ಗೆ ಭರವಸೆಯಿಲ್ಲ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಓಡಾಡಿ ಪಾಠ ಮಾಡುವವರು ಎಷ್ಟೋ ಮಂದಿ. ನಮ್ಮ ಅತಿಥಿ ಉಪನ್ಯಾಸಕರ ಪಾಡು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾವ ವಿದ್ಯಾರ್ಥಿ ಎರಡು ವಾರದಿಂದ ಬಂದಿಲ್ಲ, ಯಾಕೆ ಬಂದಿಲ್ಲ ಎಂಬುದು ಮೊದಲು ತಿಳಿಯುವುದು ಇವರಿಗೇ. ನಾಯಕರ ಕೊರತೆ ಎಂದು ಚಿಂತಿಸುವ ಕಾಲೇಜುಗಳು ಇವರನ್ನು ಸಭೆಗೂ ಕರೆಯುವುದು ಅಪರೂಪ. ಪೂರ್ಣಾವಧಿ ಹುದ್ದೆಗಳನ್ನು ಹೆಚ್ಚಿಸುವುದು, ಅಲ್ಲಿಯವರೆಗೆ ತರಗತಿಯ ಹೊರಗೆ ವಿದ್ಯಾರ್ಥಿಗಳ ಜೊತೆ ಕಳೆಯುವ ಹೊತ್ತಿಗೂ ಸಮಿತಿಗಳಲ್ಲಿ ಕೂರುವ ಹೊತ್ತಿಗೂ ಅರೆಕಾಲಿಕರಿಗೆ ಹಣ ಕೊಡುವುದು: ಫೆಲೋಶಿಪ್‌ಗಳಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಮೊದಲು ಇದಕ್ಕೆ ಹೋಗಬೇಕು.