ಅಡ್ಡ ಕೊಯ್ದರೆ ಸಿಗುವ ಎಳೆ

ಬೆಂದರೆ ತಿರುಳು ಶಾವಿಗೆಯ ಹಾಗೆ ಎಳೆಎಳೆಯಾಗಿ ಬಿಡುವ ಸ್ಪಗೆಟಿ ಸ್ಕ್ವಾಷ್‌ಗೆ ಆಗುವ ಅನ್ಯಾಯ ಶುರುವಾಗುವುದು ಚಾಕುವಿನಿಂದ. ಅಮೆರಿಕದ ಅಡುಗೆಮನೆಗಳಲ್ಲಿ ರೂಢಿಗೆ ಬಂದಿರುವ ಕ್ರಮ ಎಲ್ಲರಿಗೂ ಗೊತ್ತು: ತೊಟ್ಟಿನಿಂದ ಬುಡದವರೆಗೆ ಉದ್ದಕ್ಕೆ ಸೀಳಿ, ಬೀಜ ಬಳಿದು, ಎಣ್ಣೆ ಸವರಿ ಓವನ್ನಿಗಿಡುವುದು, ಬೆಂದ ಮೇಲೆ ಫೋರ್ಕಿನಲ್ಲಿ ಕೆರೆದು ಟೊಮೆಟೊ ಸಾಸ್ ಸುರಿಯುವುದು. ಆದರೆ ಈ ಕಾಯಿಯ ಎಳೆಗಳು ಬೀಜದ ಗೂಡನ್ನು ಬಳೆಯ ಹಾಗೆ ಸುತ್ತಿಕೊಂಡು ಬೆಳೆದಿರುತ್ತವೆ. ಉದ್ದಕ್ಕೆ ಸೀಳಿದರೆ ಪ್ರತಿ ಎಳೆಯೂ ಅಲ್ಲೇ ತುಂಡಾಗುತ್ತದೆ. ಮೇಲೆ ಬಿದ್ದ ಉಪ್ಪು ಉಳಿದ ನೀರನ್ನೂ ಎಳೆದು ಸಾಸನ್ನು ತೆಳ್ಳಗೆ ಮಾಡುತ್ತದೆ. ಕೊನೆಗೆ ತಿಂದವರು ದೂರುವುದು ಕಾಯಿಯನ್ನು.

ಪಾಸ್ತಾ ಬದಲಿಗೆ ಇದನ್ನು ಬಡಿಸುವವರ ಲೆಕ್ಕ ನನಗೆ ಅರ್ಥವಾಗುತ್ತದೆ. ಬೆಂದ ಪಾಸ್ತಾದಲ್ಲಿ 100 ಗ್ರಾಮಿಗೆ ಸುಮಾರು 30 ಗ್ರಾಂ ಕಾರ್ಬೊಹೈಡ್ರೇಟ್ ಇದ್ದರೆ ಇದರಲ್ಲಿ 6-7 ಗ್ರಾಂ ಮಾತ್ರ. ಸಕ್ಕರೆ ಕಾಯಿಲೆಯವರಿಗೆ ಅದು ದೊಡ್ಡ ಉಪಕಾರವೇ. ಆದರೂ ಗೋಧಿಯ ಜಿಗುಟನ್ನೂ ಗಟ್ಟಿತನವನ್ನೂ ಒಂದು ತರಕಾರಿಯಿಂದ ಬಯಸುವುದು ತಪ್ಪು. ಇದರ ಗುಣವಿರುವುದು ಗರಿಗರಿಯಲ್ಲಿ. ಆ ಗುಣವನ್ನೇ ಓವನ್ನು ಕೊಲ್ಲುತ್ತದೆ.

ಅಮೆರಿಕದ ಬೀಜದ ಕಂಪನಿಗಳ ಮೂಲಕ ಅಲ್ಲಿನ ಹಿತ್ತಲುಗಳಿಗೆ 1930ರ ದಶಕದಲ್ಲಿ ಬಂದ ಈ ಕಾಯಿಯನ್ನು ಚೀನಾ, ಜಪಾನಿನವರು ಅದಕ್ಕೂ ಮೊದಲೇ ಬಲ್ಲವರು. ಜಪಾನಿನಲ್ಲಿ ಇದನ್ನು ಅಡ್ಡಕ್ಕೆ, ಎರಡು ಬೆರಳು ದಪ್ಪದ ಬಿಲ್ಲೆಗಳಾಗಿ ಕೊಯ್ಯುತ್ತಾರೆ. ಕುದಿಯುವ ನೀರಿನಲ್ಲಿ ಹತ್ತು-ಹದಿನೈದು ನಿಮಿಷ ಬೇಯಿಸಿ ತಣ್ಣೀರಿಗೆ ಹಾಕುತ್ತಾರೆ. ಆಗ ಸಿಪ್ಪೆಯಂಚಿಗೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದರೆ ಸಾಕು, ಹೊನ್ನಬಣ್ಣದ ಉದ್ದುದ್ದ ಎಳೆಗಳು ಬಿಚ್ಚಿಕೊಂಡು ನೀರಿನಲ್ಲಿ ಹರಡುತ್ತವೆ. ಅದಕ್ಕೆ ವಿನೆಗರ್, ಸೋಯಾ, ಎಳ್ಳು. ಶಾಂಘೈ ಬಳಿಯ ಚೋಂಗ್‌ಮಿಂಗ್ ದ್ವೀಪದಲ್ಲೂ ಇದು ತಣ್ಣನೆಯ ತಿನಿಸೇ. ಬಾಯಿಗಿಟ್ಟರೆ ಕರುಂ ಎನ್ನಬೇಕು, ಅಷ್ಟೇ ಅವರ ಬೇಡಿಕೆ.

ಬೆಳೆಯುವುದರಲ್ಲಿ ಕಾಯಿ ಯಾರಿಗೂ ನಿರಾಸೆ ಮಾಡುವುದಿಲ್ಲ. ಚಳಿ ಪೂರ್ತಿ ಹೋಗಿ ಮಣ್ಣು ಬೆಚ್ಚಗಾದ ಮೇಲೆ ಬೀಜವನ್ನು ಒಂದಿಂಚು ಆಳಕ್ಕೆ ಊರಿದರೆ ಸುಮಾರು 100 ದಿನಕ್ಕೆ ಫಲ. ಬಳ್ಳಿ ಕೇಳುವ ಜಾಗ ಮಾತ್ರ ಬಹಳ. ಮೊದಲು ಬರುವ ಗಂಡು ಹೂಗಳೆಲ್ಲ ಉದುರಿದವೆಂದು ಕಂಗಾಲಾಗಬೇಡಿ; ಬುಡದಲ್ಲಿ ಪುಟ್ಟ ಹೀಚು ಹೊತ್ತ ಹೆಣ್ಣು ಹೂ ಆಮೇಲೆ ಬರುತ್ತದೆ. ದುಂಬಿ, ಜೇನು ಸುಳಿಯದ ಕಡೆ ಬೆಳಿಗ್ಗೆಯೇ ಗಂಡು ಹೂವಿನ ಎಸಳು ಕಿತ್ತು ಕೇಸರವನ್ನು ಹೆಣ್ಣು ಹೂವಿಗೆ ಸೋಕಿಸಿದರಾಯಿತು. ಬಣ್ಣ ಹಳದಿಯಾಯಿತೆಂದು ಕೊಯ್ಯಲು ಅವಸರ ಬೇಡ. ಉಗುರು ಒತ್ತಿದರೆ ಸಿಪ್ಪೆಗೆ ಇಳಿಯಬಾರದು. ಹಾಗೆ ಬಲಿತ ಕಾಯಿ ತಂಪು ಜಾಗದಲ್ಲಿ ಫ್ರಿಜ್ಜಿಲ್ಲದೆಯೇ ತಿಂಗಳುಗಟ್ಟಲೆ ಇರುತ್ತದೆ.

ಬೀಜ ಎತ್ತಿಡುವವರಿಗೆ ಒಂದು ಎಚ್ಚರಿಕೆ. ಇದು ಜುಕಿನಿಯ ಜಾತಿಯದ್ದೇ, ಕುಕುರ್ಬಿಟಾ ಪೆಪೊ. ಪಕ್ಕದ ಪಾತಿಯಲ್ಲಿ ಜುಕಿನಿ ಇದ್ದರೆ ಬೆರಕೆಯಾಗಿ ಮುಂದಿನ ವರ್ಷದ ಕಾಯಿಯಲ್ಲಿ ಎಳೆಯೇ ಇಲ್ಲದಿರಬಹುದು. ಅಲಂಕಾರದ ಕಹಿ ಬುರುಡೆಗಳ ಜೊತೆ ಬೆರೆತರೆ ಕಾಯಿ ವಿಷವೂ ಆಗಬಹುದು, ಬೆಂದರೂ ಆ ಕಹಿ ಹೋಗದು. ಒಂದು ಎಳೆ ಕಹಿಯೆನಿಸಿದರೂ ಉಗುಳಿ, ಇಡೀ ಕಾಯಿಯನ್ನು ಎಸೆಯಿರಿ.

ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ಸಿಹಿಕುಂಬಳವೆಂದುಕೊಂಡು ಹುಳಿಗೆ ಹಾಕಿದರೆ ಮುದ್ದೆಯಾಗಿ ಸಪ್ಪೆಯಾಗುತ್ತದೆ. ಕುಂಬಳದ ಸಿಹಿಯೂ ಇದಕ್ಕಿಲ್ಲ. ಇದಕ್ಕೆ ತಕ್ಕ ಜಾಗ ನಮ್ಮಲ್ಲಿ ಮೊದಲಿನಿಂದಲೂ ಇದೆ, ಅದು ಕೋಸಂಬರಿ. ನೀರು ಬಸಿದ ಎಳೆಗಳಿಗೆ ನೆನೆದ ಹೆಸರುಬೇಳೆ, ತೆಂಗಿನತುರಿ, ನಿಂಬೆರಸ, ಮೇಲೆ ಸಾಸಿವೆ, ಹಸಿಮೆಣಸು, ಇಂಗಿನ ಒಗ್ಗರಣೆ. ಸೌತೆಕಾಯಿಗೆ ಮಾಡುವ ಹಾಗೆಯೇ ಉಪ್ಪನ್ನು ಬಡಿಸುವ ಹೊತ್ತಿಗೆ ಬೆರೆಸಬೇಕು.