ಸೀಗಿ ಹುಣ್ಣಿಮೆಯ ಚರಗ: ಬೆರಗಿನ ಒಂದು ಶಿಸ್ತು

ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ಯಲವಿಗಿ ಮತ್ತು ಅದರ ಸುತ್ತಲಿನ ಎರೆಭೂಮಿಯ ಊರುಗಳಲ್ಲಿ, ಆಶ್ವೀಜ ಮಾಸದ ಹುಣ್ಣಿಮೆಯಾದ ಸೀಗಿ ಹುಣ್ಣಿಮೆಯಂದು ರೈತ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ರೂಢಿ ಇಂದಿಗೂ ಉಳಿದು ಬಂದಿದೆ. ಸಜ್ಜಿ ರೊಟ್ಟಿ, ಕಡುಬು, ಪಲ್ಯ, ಅನ್ನ ಮೊದಲಾದ ಅಡುಗೆಗಳನ್ನು ಕಲಸಿ ಬೆಳೆಯ ನಡುವೆ ಎರಚುವ ನೈವೇದ್ಯಕ್ಕೆ ಚರಗ ಎನ್ನುತ್ತಾರೆ. ಹೂವು, ಕಾಯಿ, ತೆನೆಗಳನ್ನು ಹೊತ್ತು ನಿಂತ ಬೆಳೆಯನ್ನು ಬಸುರಿಯೆಂದು ಭಾವಿಸಿ ಆಕೆಯ ಬಯಕೆ ತೀರಿಸುವುದು ಈ ಹಬ್ಬದ ಹಿಂದಿರುವ ಕಲ್ಪನೆ. ಮಲೆನಾಡಿನ ಸಾಗರ, ಸೊರಬಗಳ ಕಡೆ ಇದೇ ಹುಣ್ಣಿಮೆಗೆ ಭೂಮಿ ಹುಣ್ಣಿಮೆಯೆಂಬ ಹೆಸರು; ಅಂದು ದೀವರ ಸಮುದಾಯದ ಕುಟುಂಬಗಳು ಹೆಣ್ಣುಮಕ್ಕಳು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯೊಡನೆ ಗದ್ದೆಗೆ ಹೋಗುತ್ತವೆ.

ಈ ಆಚರಣೆಯನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಸಮರ್ಥಿಸಲಾಗುತ್ತದೆ. ಭೂತಾಯಿ ತೃಪ್ತಳಾದರೆ ಫಸಲು ಹೆಚ್ಚುತ್ತದೆ ಎಂಬುದು ನಂಬಿಕೆಯ ಸಮರ್ಥನೆಯಾದರೆ, ಚರಗದ ಆಸೆಗೆ ಬರುವ ಹಕ್ಕಿಗಳು ಬೆಳೆಯ ಹುಳುಗಳನ್ನೂ ತಿಂದು ಹೋಗುತ್ತವೆ ಎಂಬುದು ಆಧುನಿಕರ ಸಮರ್ಥನೆ. ಎರಡೂ ಆಚರಣೆಯನ್ನು ಅದರಿಂದ ಬರುವ ಲಾಭದಿಂದಲೇ ಅಳೆಯುತ್ತವೆ. ಚರಗದ ನಿಜವಾದ ಸತ್ವವಿರುವುದು ಬೇರೆ ಕಡೆ: ನಿತ್ಯದ ದುಡಿಮೆಯ ನೆಲವನ್ನು ವರ್ಷಕ್ಕೊಮ್ಮೆಯಾದರೂ ದುಡಿಮೆಯ ಹಂಗಿಲ್ಲದೆ ನೋಡುವಂತೆ ಅದು ಮನುಷ್ಯನನ್ನು ಕಟ್ಟುಪಾಡಿಗೆ ಒಳಪಡಿಸುತ್ತದೆ. ಬೆರಗು ತಾನಾಗಿ ಬರಲಿ ಎಂದು ಕಾಯದೆ ಅದಕ್ಕೊಂದು ತಿಥಿ, ಒಂದು ದಾರಿ, ಒಂದು ಊಟವನ್ನು ಗೊತ್ತುಮಾಡಿರುವುದು ಈ ಆಚರಣೆಯ ದೊಡ್ಡ ವಿವೇಕ.

ಆಚರಣೆಯ ವಿವರಗಳನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಹೊಲದ ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಸುಣ್ಣ ಹಚ್ಚಿ, ಅವುಗಳನ್ನು ಪಾಂಡವರೆಂದು ಪೂಜಿಸುತ್ತಾರೆ. ಬಸುರಿ ಹೆಣ್ಣಿಗೆ ಮಾಡುವಂತೆಯೇ ಖಣ, ಹಸಿರು ಬಳೆಗಳನ್ನಿಟ್ಟು ಬೆಳೆಗೆ ಉಡಿ ತುಂಬುತ್ತಾರೆ. ಬಳಿಕ ಒಬ್ಬರು ಕೂಗು ಹಾಕುತ್ತ ಚರಗ ಚೆಲ್ಲಿಕೊಂಡು ಮುಂದೆ ನಡೆದರೆ, ಇನ್ನೊಬ್ಬರು ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ ಬರುತ್ತಾರೆ. ಹೀಗೆ ಹೊಲ ಸುತ್ತುವವರು ಬದುವಿನ ಮೇಲೆ ನಿಂತು ಒಟ್ಟು ಹಸಿರನ್ನು ಮಾತ್ರ ಕಂಡು ಹಿಂದಿರುಗಲಾರರು. ಸಾಲುಗಳ ನಡುವೆ ಕಾಲಿಡಲೇಬೇಕಾಗುತ್ತದೆ. ಹತ್ತಿಯ ಒಂದೇ ಗಿಡದಲ್ಲಿ ಬಿಗಿದ ಮೊಗ್ಗು, ಬೆಳಿಗ್ಗೆ ಕೆನೆಬಣ್ಣದಲ್ಲಿ ಅರಳಿದ ಹೂವು, ನಿನ್ನೆ ಅರಳಿ ಇಂದು ಗುಲಾಬಿಗೆ ತಿರುಗಿದ ಹೂವು, ಅದರ ಕೆಳಗಿನ ಟೊಂಗೆಯಲ್ಲಿ ಗಟ್ಟಿಯಾಗುತ್ತಿರುವ ಹಸಿರು ಕಾಯಿ, ಎಲ್ಲವೂ ಏಕಕಾಲಕ್ಕೆ ಕಣ್ಣಿಗೆ ಬೀಳುವುದು ಈ ನಡಿಗೆಯಲ್ಲಿಯೇ. ಕಳೆ ತೆಗೆಯುವ ದಿನ ಇದೇ ಗಿಡದ ಬುಡವನ್ನು ನೋಡಿದ ಕಣ್ಣು ಈ ದಿನ ಅದರ ತುದಿಯವರೆಗೂ ಏರುತ್ತದೆ.

ಹಬ್ಬಕ್ಕೆ ಗೊತ್ತಾದ ಕಾಲವೂ ಅಷ್ಟೇ ಅರ್ಥಪೂರ್ಣವಾಗಿದೆ. ರಾಶಿ ಮಾಡಿದ ಮೇಲಿನ ಸಂಭ್ರಮಕ್ಕೆ ಕೈಸೇರಿದ ಕಾಳಿನ ಆಧಾರವಿರುತ್ತದೆ. ಚರಗದ ದಿನ ಬೆಳೆ ಇನ್ನೂ ಹೊಲದಲ್ಲಿದ್ದು, ಮಳೆ, ರೋಗ, ಪೇಟೆಯ ಧಾರಣೆ ಯಾವುದೂ ಖಚಿತವಿರುವುದಿಲ್ಲ. ಫಲದ ಭರವಸೆಯಿಲ್ಲದ ಹೊತ್ತಿನಲ್ಲಿ ಮನೆಯ ಉತ್ತಮ ಅಡುಗೆಯನ್ನು ಮಣ್ಣಿಗೂ ಹಕ್ಕಿಗೂ ಇರುವೆಗೂ ಮೊದಲು ಕೊಟ್ಟು, ಆಮೇಲೆ ಮಕ್ಕಳು ಮುದುಕರೆನ್ನದೆ ಎಲ್ಲರೂ ಗಿಡದ ನೆರಳಿನಲ್ಲಿ ಕುಳಿತು ಉಣ್ಣುವುದರಲ್ಲಿ ಇರುವ ಸಂತೋಷ ಲೆಕ್ಕಾಚಾರಕ್ಕೆ ಸಿಗುವಂಥದಲ್ಲ. ಅಮೆರಿಕದ ಜೀವವಿಜ್ಞಾನಿ ರೇಚಲ್ ಕಾರ್ಸನ್ 1956ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಮಗುವಿನ ಸಹಜ ಬೆರಗು ಉಳಿಯಲು ಅದನ್ನು ಜೊತೆಗೂಡಿ ಅನುಭವಿಸುವ ಹಿರಿಯರು ಬೇಕೆಂದು ವಾದಿಸಿದ್ದರು. ಚರಗ ಆ ಕೆಲಸವನ್ನು ಯಾವ ಬೋಧನೆಯೂ ಇಲ್ಲದೆ ಅಜ್ಜ, ಅಜ್ಜಿ, ಮೊಮ್ಮಕ್ಕಳ ನಡುವೆ ನಡೆಸಿಕೊಂಡು ಬಂದಿದೆ.

ಆದರೆ ಇದೇ ಕಾರ್ಸನ್ 1962ರಲ್ಲಿ ಕೀಟನಾಶಕಗಳು ಮಾಡುವ ವಿನಾಶವನ್ನು ಕುರಿತು ಗ್ರಂಥ ಪ್ರಕಟಿಸಿದರೆಂಬುದನ್ನು ನೆನೆದಾಗ ಆಚರಣೆಯ ಇಂದಿನ ಬಿರುಕು ಕಾಣಿಸುತ್ತದೆ. ಬಸುರಿಯೆಂದು ಉಡಿ ತುಂಬಿಸಿಕೊಂಡ ಬೆಳೆಗೆ ಅದೇ ವಾರ ವಿಷ ಸಿಂಪಡಿಸುವುದಾದರೆ, ಚರಗಕ್ಕೆ ಕರೆದ ಹಕ್ಕಿಯನ್ನು ಅದೇ ಹೊಲ ಕೊಲ್ಲುವಂತಾಗುತ್ತದೆ. ಜಿಲ್ಲೆಯಲ್ಲಿ ವ್ಯಾಪಕವಾಗಿ ಹಬ್ಬಿರುವ ಗೋವಿನಜೋಳ ಈ ಹುಣ್ಣಿಮೆಯ ಹೊತ್ತಿಗೆ ಬಹುಮಟ್ಟಿಗೆ ಬಲಿತು ಒಣಗತೊಡಗುವುದರಿಂದ, ಹಬ್ಬದ ಕಲ್ಪನೆಗೂ ಹೊಲದ ಸ್ಥಿತಿಗೂ ಇದ್ದ ಹೊಂದಿಕೆ ಸಡಿಲಗೊಂಡಿದೆ. ಹೆಣ್ಣಿನ ಬಸಿರನ್ನೇ ಕೇಂದ್ರವಾಗಿಸಿಕೊಂಡ ಹಬ್ಬದಲ್ಲಿ ರೊಟ್ಟಿ ಬಡಿಯುವ, ಬುತ್ತಿ ಕಟ್ಟುವ ಭಾರವೆಲ್ಲ ಹೆಂಗಸರ ಮೇಲೆಯೇ ಬೀಳುವುದು, ಹಂಗಾಮಿನುದ್ದಕ್ಕೂ ಕಳೆ ತೆಗೆದ ಭೂಹೀನ ಕೂಲಿಕಾರರಿಗೆ ಈ ಊಟ ಹೊಲದ ಒಡೆಯನ ಕರೆಯನ್ನು ಅವಲಂಬಿಸಿರುವುದು ಇನ್ನೂ ಹಳೆಯ ಕೊರತೆಗಳು. ಬೆರಗಿಗೆ ಬಿಡುವು ಬೇಕು. ಆ ಬಿಡುವು ಎಲ್ಲರಿಗೂ ಸಮನಾಗಿ ದೊರೆಯದಿದ್ದರೆ ಆಚರಣೆ ತನ್ನ ಆಶಯಕ್ಕೇ ಕುಂದು ತಂದುಕೊಳ್ಳುತ್ತದೆ.

ಹೀಗಿದ್ದರೂ ಚರಗವನ್ನು ಗತಕಾಲದ ಉಳಿಕೆಯೆಂದು ಕೈಬಿಡುವುದು ಅವಿವೇಕ. ಪ್ರಕೃತಿಯ ಚೆಲುವನ್ನು ಕಾಣಲು ಜೋಗಕ್ಕೋ ಕೊಡಗಿಗೋ ಹೋಗಬೇಕೆಂಬ ಪ್ರವಾಸಿ ಮನೋಧರ್ಮಕ್ಕೆ, ಬೆವರು ಸುರಿಸಿದ ನೆಲದಲ್ಲಿಯೇ ಬೆರಗಿದೆ ಎಂದು ತೋರಿಸುವ ಈ ರೂಢಿ ಸಮರ್ಥವಾದ ಉತ್ತರವಾಗಿದೆ. ಟ್ರ್ಯಾಕ್ಟರಿನಲ್ಲಿ ಹೋಗಿ ಉಂಡು, ಫೋಟೊ ತೆಗೆದುಕೊಂಡು ಮರಳುವ ವನಭೋಜನವಾಗಿ ಅದು ಕುಗ್ಗಬಾರದೆಂದರೆ, ಸಾಲುಗಳ ನಡುವಿನ ನಡಿಗೆ ಉಳಿಯಬೇಕು, ಅಡುಗೆಯ ದುಡಿಮೆ ಹಂಚಿಕೆಯಾಗಬೇಕು, ಹೊಲದಲ್ಲಿ ದುಡಿದ ಕೈಗಳೆಲ್ಲ ಪಂಕ್ತಿಯಲ್ಲಿರಬೇಕು. ಅದಕ್ಕಿಂತ ಮಿಗಿಲಾಗಿ, ಆ ಒಂದು ದಿನ ಬೆಳೆಗೆ ತೋರಿದ ಅಕ್ಕರೆ ಉಳಿದ ದಿನಗಳ ಬೇಸಾಯದ ತೀರ್ಮಾನಗಳಲ್ಲಿಯೂ ಕಾಣಬೇಕು. ಈ ಆಚರಣೆಯ ಸಾರ್ಥಕತೆಯನ್ನು ಅಳೆಯಬೇಕಾದುದು ಆ ಒರೆಗಲ್ಲಿನಿಂದಲೇ.